ತಮಗೆ ವಯಸ್ಸೆಷ್ಟು?

ಶಹಾಪುರದಿಂದ ವನದುರ್ಗದ ಕಡೆಗೆ ಹೊರಟ ಬಸ್ಸಿನಲ್ಲಿ ಇಬ್ಬರು ಅಪರಿಚಿತರು ಒಂದೇ ಆಸನದಲ್ಲಿ ಕುಳಿತರೆನ್ನಿ. ಊರು ಯಾವುದು, ಯಾರ ಪೈಕಿ, ಹೊಲ ಎಷ್ಟು, ಈ ವರ್ಷ ಹತ್ತಿ ಹಾಕಿದ್ದೋ ತೊಗರಿ ಹಾಕಿದ್ದೋ - ಇವೆಲ್ಲ ಊರ ಹೊರಗಿನ ಹಳ್ಳ ದಾಟುವುದರೊಳಗೆ ಮುಗಿದುಹೋಗುತ್ತವೆ. ಆಮೇಲೆ ಬರುವ ಪ್ರಶ್ನೆ ಒಂದೇ: “ನಿಮಗ ಎಷ್ಟು ವರ್ಷ ಆಗ್ಯಾವ್ರೀ?” ಕೇಳಿದವನಲ್ಲಿ ಕೆಟ್ಟ ಕುತೂಹಲವೇನೂ ಇರುವುದಿಲ್ಲ. ಎದುರಿನವನನ್ನು ಅಣ್ಣ ಎನ್ನಬೇಕೋ, ಕಾಕಾ ಎನ್ನಬೇಕೋ, ಮುತ್ಯಾ ಎಂದು ಕೈಮುಗಿಯಬೇಕೋ ಎಂಬುದು ಗೊತ್ತಾಗದೆ ಮಾತು ಮುಂದೆ ಸಾಗುವಂತಿಲ್ಲ. ಕನ್ನಡದ ಕ್ರಿಯಾಪದವೇ ವಯಸ್ಸನ್ನು ಕೇಳುತ್ತದೆ. ‘ಬಾ’ ಎನ್ನುವುದಕ್ಕೂ ‘ಬರ್ರಿ’ ಎನ್ನುವುದಕ್ಕೂ ನಡುವೆ ಇರುವುದು ಎಷ್ಟೋ ಸಲ ಹತ್ತು ವರ್ಷಗಳ ಅಂತರವಲ್ಲದೆ ಬೇರೇನೂ ಅಲ್ಲ.

ಮುಖ ಕಾಣದೆ, ಕೇವಲ ಅಕ್ಷರದ ಮೂಲಕ ಪರಿಚಯವಾದವರ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ನಮ್ಮ ಹಿರಿಯರ ಪತ್ರಗಳ ಮೊದಲ ಸಾಲನ್ನು ನೋಡಿ: ‘ತೀರ್ಥರೂಪ’ ಎಂದರೆ ಒಂದು ಮೆಟ್ಟಿಲು, ‘ಚಿರಂಜೀವಿ’ ಎಂದರೆ ಇನ್ನೊಂದು. ಬರೆದವನ ವಯಸ್ಸು ತಿಳಿಯದಿದ್ದರೆ ಉತ್ತರದ ಮೊದಲ ಶಬ್ದವೇ ಲೇಖನಿಯಿಂದ ಇಳಿಯದು. ಹೀಗಿದ್ದೂ ಇದೇ ನಾಡಿನಲ್ಲಿ, ವಯಸ್ಸನ್ನು ಪರರಿಗೆ ಹೇಳಬಾರದೆಂಬ ಇನ್ನೊಂದು ಮಾತೂ ಅಷ್ಟೇ ಬಲವಾಗಿ ಬೇರೂರಿದೆ. ಕೇಳುವುದು ಸಹಜವೆಂದು ಒಪ್ಪಿಕೊಂಡ ಸಮಾಜವು ಹೇಳುವುದನ್ನು ಮಾತ್ರ ಅಪಾಯವೆಂದು ಬಗೆದುದು ಏತಕ್ಕೆ?

ಇದರ ಮೂಲ ಹುಡುಕುವವರು ಸಾಮಾನ್ಯವಾಗಿ ಒಂದು ಸಂಸ್ಕೃತ ಸುಭಾಷಿತದ ಬಳಿಗೆ ಬಂದು ನಿಲ್ಲುತ್ತಾರೆ. ಹಿತೋಪದೇಶದಲ್ಲಿಯೂ ಕಂಡುಬರುವ ಆ ನೀತಿಶ್ಲೋಕವು ಜಾಣನಾದವನು ಬಚ್ಚಿಡಬೇಕಾದ ಒಂಬತ್ತು ಸಂಗತಿಗಳನ್ನು ಎಣಿಸುತ್ತದೆ. ಹಣ, ಮನೆಯೊಳಗಿನ ಬಿರುಕು, ಮಂತ್ರ, ದಾಂಪತ್ಯದ ಏಕಾಂತ, ಔಷಧ, ಮಾಡಿದ ದಾನ, ಪಡೆದ ಮಾನ, ಉಂಡ ಅಪಮಾನ ಇವೆಲ್ಲ ಅದರಲ್ಲಿವೆ. ಆದರೆ ಪಟ್ಟಿಯ ತಲೆಯ ಮೇಲೆ, ಹಣಕ್ಕಿಂತಲೂ ಮೊದಲು, ಕುಳಿತಿರುವುದು ಆಯುಸ್ಸು.

ಇಲ್ಲಿ ಒಂದು ಶಬ್ದದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಶ್ಲೋಕದಲ್ಲಿರುವುದು ‘ಆಯುಸ್ಸು’, ‘ವಯಸ್ಸು’ ಅಲ್ಲ. ಲೋಕರೂಢಿಯಲ್ಲಿ ಈ ಎರಡನ್ನೂ ಕಲಸಿಬಿಟ್ಟಿದ್ದೇವೆ. ವಯಸ್ಸೆಂದರೆ ಕಳೆದುಹೋದ ಕಾಲ. ಅದನ್ನು ನೆರೆಹೊರೆಯವರೆಲ್ಲ ಎಣಿಸಬಲ್ಲರು, ನರೆಗೂದಲು ಎಣಿಸಬಲ್ಲದು. ಆಯುಸ್ಸೆಂದರೆ ಹಣೆಯಲ್ಲಿ ಬರೆದುಬಂದ ಒಟ್ಟು ಮೊತ್ತ. ಅದರಲ್ಲಿ ಇನ್ನೆಷ್ಟು ಉಳಿದಿದೆಯೆಂಬುದು ಬ್ರಹ್ಮಲಿಪಿ. ಹುಟ್ಟಿದ ದಿನ, ಘಳಿಗೆಗಳನ್ನು ಹೊರಗೆಡಹಿದರೆ ಜೋಯಿಸನು ಕುಂಡಲಿ ಬರೆದಾನು. ಕುಂಡಲಿಯಿಂದ ಆಯುಸ್ಸನ್ನು ಓದಿಯಾನು. ಓದಿದ್ದನ್ನು ಶತ್ರುವಿಗೆ ಹೇಳಿಯಾನು. ಹೀಗೆ ಒಂದಕ್ಕೊಂದು ಕೊಂಡಿ ಬಿದ್ದು, ಉಳಿದ ಆಯುಸ್ಸನ್ನು ಮುಚ್ಚಿಡುವ ಭಯವೇ ಕಳೆದ ವಯಸ್ಸನ್ನು ಮುಚ್ಚಿಡುವ ಪದ್ಧತಿಯಾಯಿತೆಂದು ಕಾಣುತ್ತದೆ. ಜ್ಯೋತಿಷವನ್ನು ನಂಬುವುದೂ ಬಿಡುವುದೂ ಅವರವರ ಮಾತು. ಆದರೆ ಇಂಥದೊಂದು ಗುಟ್ಟು ಒಂದು ಅರಮನೆಯ ಇತಿಹಾಸವನ್ನೇ ಹೊಕ್ಕಿದ್ದುಂಟು. ಅದು ನಡೆದುದು ವನದುರ್ಗದ ನೆರೆಯ ಸುರಪುರದಲ್ಲಿ.

ವನದುರ್ಗದ ಕೋಟೆ ಸುರಪುರದ ಬೇಡ ನಾಯಕರ ಆಳ್ವಿಕೆಗೆ ಸೇರಿದ್ದು. ಈ ನಾಯಕರ ಹೆಸರು ಉತ್ತರದ ಇತಿಹಾಸಕಾರರ ಪುಟಗಳಲ್ಲಿ ಮೊದಲು ದಪ್ಪಕ್ಷರದಲ್ಲಿ ಮೂಡುವುದು 1705ರಲ್ಲಿ. ಆಗ ಪಿಡ್ಡನಾಯಕನ ವಾಗಣಗೇರಾ ಕೋಟೆಯನ್ನು ಮುತ್ತಲು ಸ್ವತಃ ಔರಂಗಜೇಬನೇ ದಂಡು ಕಟ್ಟಿಕೊಂಡು ಬಂದನು. 1618ರಲ್ಲಿ ಹುಟ್ಟಿದ ಬಾದಶಹನಿಗೆ ಅಂದು ವಯಸ್ಸು 86. ಅವನ ಜೀವಮಾನದ ಕಟ್ಟಕಡೆಯ ಮುತ್ತಿಗೆ ಅದು. ಕೋಟೆ ಬಿದ್ದಾಗ ನಾಯಕನು ಒಳಗಿರಲಿಲ್ಲ; ತಪ್ಪಿಸಿಕೊಂಡು ಹೋಗಿದ್ದನು. ಆ ಬಳಿಕ ಸಮೀಪದ ದೇವಾಪುರದ ಬಿಡಾರದಲ್ಲಿ ಮುದುಕ ಬಾದಶಹನು ಹಾಸಿಗೆ ಹಿಡಿದನು. ಅವನ ದೇಹಸ್ಥಿತಿ ಹೊರಗೆ ತಿಳಿದರೆ ಶತ್ರುದೇಶದ ನಡುವೆ ಇಡೀ ದಂಡೇ ಚದರಿಹೋದೀತೆಂದು ಪಾಳೆಯವೆಲ್ಲ ನಡುಗುತ್ತಿತ್ತು. ಎಂಬತ್ತು ತೊಂಬತ್ತು ಮುಟ್ಟಿದವನ ಪಾಡನ್ನು ಕುರಿತ ಪಾರಸೀ ಪದ್ಯವೊಂದನ್ನು ಅವನು ಹಾಸಿಗೆಯಲ್ಲಿ ತನ್ನಷ್ಟಕ್ಕೆ ಗುನುಗಿಕೊಳ್ಳುತ್ತಿದ್ದನೆಂದೂ, ಅದನ್ನು ಕೇಳಿಸಿಕೊಂಡ ಸರದಾರನೊಬ್ಬನು ಧೈರ್ಯ ತುಂಬುವ ಬೇರೊಂದು ಪದ್ಯ ಹೇಳಿ ಅವನನ್ನು ಎಬ್ಬಿಸಿದನೆಂದೂ ಇತಿಹಾಸಕಾರರು ಬರೆದಿದ್ದಾರೆ. ಲೋಕವನ್ನೇ ನಡುಗಿಸಿದವನಿಗೂ ತನ್ನ ವಯಸ್ಸು ಬಾಯಿಬಿಟ್ಟು ಹೇಳಲಾಗದ ಮಾತಾಗಿತ್ತು.

ಅದಾಗಿ ಸುಮಾರು ನೂರ ಮೂವತ್ತೈದು ವರ್ಷಗಳ ಮೇಲೆ ಸುರಪುರದ ದೊರೆ ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನಾಯಕನು ಇನ್ನೂ ಚಿಕ್ಕ ಹುಡುಗ. ರಾಣಿ ಈಶ್ವರಮ್ಮನದು ಒಂದು ಪಕ್ಷ, ತೀರಿಕೊಂಡ ದೊರೆಯ ತಮ್ಮ ಪಿಡ್ಡನಾಯಕನದು ಇನ್ನೊಂದು ಪಕ್ಷ. ನಿಜಾಮನ ಸಾಲದ ಕಾಟ ಬೇರೆ. ಈ ಗೊಂದಲವನ್ನು ಬಗೆಹರಿಸಲೆಂದು ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನು ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್. ಹದಿನೈದರ ಹರೆಯದಲ್ಲಿ ಇಂಗ್ಲೆಂಡ್ ಬಿಟ್ಟು ಬಂದು ನಿಜಾಮನ ಸೈನ್ಯದಲ್ಲಿ ಬೆಳೆದವನು. 1839ರಲ್ಲಿ ‘ಠಕ್ಕನೊಬ್ಬನ ತಪ್ಪೊಪ್ಪಿಗೆ’ಯೆಂಬ ಕಾದಂಬರಿ ಬರೆದು ವಿಲಾಯತಿಯಲ್ಲಿ ಹೆಸರು ಗಳಿಸಿದವನು. ಹತ್ತು ವರ್ಷಕ್ಕೂ ಮೇಲ್ಪಟ್ಟು ಅವನು ಸುರಪುರದ ಆಡಳಿತವನ್ನು ನೋಡಿಕೊಂಡನು. ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ಇಂದಿಗೂ ನಿಂತಿದೆ. ಎಳೆಯ ರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು.

ಅಪ್ರಾಪ್ತ ದೊರೆಯ ರಾಜ್ಯದಲ್ಲಿ ಎಲ್ಲರ ಕಣ್ಣೂ ನೆಟ್ಟಿರುವುದು ಒಂದೇ ಅಂಕಿಯ ಮೇಲೆ - ಹುಡುಗನಿಗೆ ಈಗ ಎಷ್ಟು? ಅಧಿಕಾರ ಕೈಗೆ ಬರಲು ಇನ್ನೆಷ್ಟು? ಟೇಲರನಿಗೆ ಈ ಲೆಕ್ಕ ಗೊತ್ತಿದ್ದುದು ಸಹಜ. ಆದರೆ ಅವನಿಗೆ ಇನ್ನೊಂದು ಲೆಕ್ಕವೂ ತಿಳಿಯಿತು. ಅವನ ಮರಣಾನಂತರ, 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನು ಬರೆದಿಟ್ಟಂತೆ, ಮಗು ಹುಟ್ಟಿದಾಗ ಬರೆಯಿಸಿದ ಜಾತಕದಲ್ಲಿ ಅವನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಕಂಡುಬಂದಿತ್ತಂತೆ. ಬೆರಳೆಣಿಕೆಯ ಜನರ ಹೊರತು ಯಾರಿಗೂ ತಿಳಿಯದ ಈ ಗುಟ್ಟು ಮನೆತನಕ್ಕೆ ಹತ್ತಿರದವನಾದ ಬ್ರಾಹ್ಮಣನೊಬ್ಬನ ಬಾಯಿಂದ ಟೇಲರನ ಕಿವಿಗೆ ಬಿದ್ದಿತು. ಯಾರ ಜಾತಕವೋ ಅವನಿಗೆ ಮಾತ್ರ ಹೇಳಲಿಲ್ಲ.

ತಾಯಿಯ ಸ್ಥಿತಿಯನ್ನು ಊಹಿಸಿಕೊಳ್ಳಬೇಕು. ಮಗನಿಗೆ ಒಂದು ವರ್ಷ ತುಂಬಿತೆಂದು ಊರೆಲ್ಲ ಸಕ್ಕರೆ ಹಂಚುವಾಗ, ಆಕೆಯ ಮನಸ್ಸಿನಲ್ಲಿ ಒಂದು ವರ್ಷ ಕಳೆಯಿತು. ನಮ್ಮ ಹೆಂಗಸರು ಮಕ್ಕಳ ವಯಸ್ಸು ಕೇಳಿದರೆ ಕೂಡಲೆ ಹೇಳದೆ, ದೃಷ್ಟಿ ತಾಕೀತೆಂದು ಒಂದೆರಡು ವರ್ಷ ಹಿಂದು ಮುಂದು ಮಾಡುವುದನ್ನು ಕಂಡು ನಗುವವರಿದ್ದಾರೆ. ನಗುವ ಮೊದಲು ಈಶ್ವರಮ್ಮನನ್ನು ಒಮ್ಮೆ ನೆನೆಯುವುದು ಒಳ್ಳೆಯದು.

1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪನಾಯಕನಿಗೆ ರಾಜ್ಯವನ್ನೊಪ್ಪಿಸಿ ಟೇಲರನು ನಳದುರ್ಗದ ಸೀಮೆಗೆ ಹೋದನು. ಐದು ವರ್ಷವೂ ತುಂಬಲಿಲ್ಲ. ಉತ್ತರದ ದಂಗೆಯ ಕಿಡಿ ದಕ್ಷಿಣಕ್ಕೂ ಹಾರಿತು. 1858ರ ಫೆಬ್ರವರಿಯಲ್ಲಿ ಸುರಪುರದ ಬಳಿ ಬೀಡುಬಿಟ್ಟಿದ್ದ ಇಂಗ್ಲಿಷರ ತುಕಡಿಯ ಮೇಲೆ ರಾತ್ರಿಯಲ್ಲಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬವನು ಮಡಿದನು. ಕುಮ್ಮಕ್ಕಿನ ದಂಡು ಬರುತ್ತಿರುವ ಸುದ್ದಿ ಕೇಳಿ ರಾಜನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಸಿಕಂದರಾಬಾದಿನ ಸೆರೆಯಲ್ಲಿ ಅವನನ್ನು ಕಾಣಲು ಟೇಲರನು ಹೋದಾಗ, ಕಳ್ಳನಂತೆ ನೇಣಿಗೇರಿಸಬೇಡಿರಿ, ಬೇಕಾದರೆ ಫಿರಂಗಿಯ ಬಾಯಿಗೆ ಕಟ್ಟಿರಿ ಎಂಬರ್ಥದ ಮಾತನ್ನು ಆ ತರುಣನು ಆಡಿದನೆಂದು ತಿಳಿಯುತ್ತದೆ. ಮರಣದಂಡನೆಯ ತೀರ್ಪು ಬಂದಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಾಗಿ ಇಳಿಸಿದನು. ಗವರ್ನರ್ ಜನರಲ್ ಕ್ಯಾನಿಂಗನು ಇನ್ನೂ ಇಳಿಸಿ, ಮದರಾಸಿನ ಸಮೀಪದ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯೆಂದು ಮಾಡಿದನು. ನಡತೆ ಸರಿಯೆನಿಸಿದರೆ ರಾಜ್ಯವು ಮರಳಿ ಸಿಕ್ಕುವ ಆಸೆಯೂ ಅದರಲ್ಲಿತ್ತು.

ಟೇಲರನು ಮತ್ತೆ ಸುರಪುರಕ್ಕೆ ಬಂದಿದ್ದನು. ಹಳೆಯ ಬ್ರಾಹ್ಮಣನೂ ಬಂದನು. ಜಾತಕದ ಮಾತನ್ನು ನೆನಪಿಸಿದನು. ರಾಜನ ಜೀವವುಳಿಯಿತಲ್ಲ, ಭವಿಷ್ಯ ಸುಳ್ಳಾಯಿತಲ್ಲ ಎಂದು ಟೇಲರನ ಸಮಾಧಾನ. ಬ್ರಾಹ್ಮಣನಿಗೆ ಆ ಸಮಾಧಾನವಿರಲಿಲ್ಲ. ಅಷ್ಟರಲ್ಲಿ ಸುದ್ದಿ ಬಂದೇಬಂದಿತು: ಸೆರೆಗೆ ಒಯ್ಯುವ ದಾರಿಯ ಮೊದಲನೆಯ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಬಲಿಯಾಗಿದ್ದನು. ಅವನಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ.

ಅವನು ತಾನೇ ಗುಂಡು ಹಾರಿಸಿಕೊಂಡನೆಂದು ಇಂಗ್ಲಿಷರು ಬರೆದರು. ಸುರಪುರದ ಸೀಮೆಯಲ್ಲಿ ಇಂದಿಗೂ ಅನೇಕರು ಆ ಮಾತನ್ನು ಒಪ್ಪುವುದಿಲ್ಲ, ಕೊಂದರೆಂದೇ ಹೇಳುತ್ತಾರೆ. ಸೆರೆಯಾಳಿನ ಕೈಗೆಟುಕುವಂತೆ ಗುಂಡು ತುಂಬಿದ ಪಿಸ್ತೂಲನ್ನು ಇಟ್ಟುಹೋದ ಕಾವಲುಗಾರನ ಕತೆ ಸಂಶಯಕ್ಕೆ ಎಡೆಗೊಡುವಂಥದೇ. ಇನ್ನು ಜಾತಕದ ಮಾತಿಗೆ ಬಂದರೆ, ಎಲ್ಲ ಮುಗಿದ ಮೇಲೆ, ಕಾದಂಬರಿಕಾರನೊಬ್ಬನ ಮುಪ್ಪಿನ ನೆನಪಿನಲ್ಲಿ ಬರೆದ ಭವಿಷ್ಯವಾಣಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ವಿವೇಕಿಗಳಾದ ವಾಚಕರೇ ನಿರ್ಧರಿಸಬಹುದು. ಸುರಪುರವಂತೂ ದೊರೆಯಿಲ್ಲದೆ ಇಂಗ್ಲಿಷರ ವಶವಾಗಿ, 1860ರ ಒಪ್ಪಂದದಂತೆ ನಿಜಾಮನ ಕೈಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಆ ಗುಟ್ಟನ್ನು ಬಚ್ಚಿಟ್ಟದ್ದು ಪ್ರೀತಿಯಿಂದ. ಶತ್ರುಗಳ ಕಿವಿಗೆ ಬಿದ್ದಿದ್ದರೆ, ಇಪ್ಪತ್ತನಾಲ್ಕಕ್ಕೆ ಸಾಯುವ ದೊರೆಯ ಮಾತನ್ನು ಹದಿನೆಂಟರಲ್ಲಿ ಯಾವ ಸಾಹುಕಾರನು, ಯಾವ ಸರದಾರನು ಕೇಳುತ್ತಿದ್ದನು? ಅವನ ಸಾಲಕ್ಕೆ ಜಾಮೀನು ನಿಲ್ಲುವವರೂ ಇರುತ್ತಿರಲಿಲ್ಲ. ಬೇರೆಯವರು ನಮ್ಮೊಡನೆ ನಡೆದುಕೊಳ್ಳುವ ರೀತಿಯನ್ನು ಒಂದು ಅಂಕಿ ಬದಲಿಸಬಲ್ಲುದಾದರೆ, ಆ ಅಂಕಿಯನ್ನು ಹೇಳದಿರುವ ಹಕ್ಕು ಯಾರಿಗೂ ಇರಬೇಕು. ಸುಭಾಷಿತಕಾರನ ಮನಸ್ಸಿನಲ್ಲಿದ್ದುದೂ ಬಹುಶಃ ಇದೇ.

ಆದರೆ ಕಳೆದ ವಯಸ್ಸಿನ ಕತೆ ಹೀಗಲ್ಲ. ಆಳುವವನ ವಯಸ್ಸಂತೂ ಎಂದೂ ಅವನೊಬ್ಬನ ಸ್ವತ್ತಾಗಿರಲಿಲ್ಲ. ಮೈಸೂರಿನ ಕಡೆ ನೋಡಿ: ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರಲ್ಲಿ ಪಟ್ಟವಾದುದು, ಹದಿನೆಂಟು ತುಂಬಿದ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯ ಮರಳಿದುದು, ತಂದೆಯನ್ನು ಹತ್ತನೆಯ ವಯಸ್ಸಿನಲ್ಲಿ ಕಳೆದುಕೊಂಡ ನಾಲ್ವಡಿಯವರು ತಾಯಿಯ ರೀಜೆನ್ಸಿಯ ಬಳಿಕ 1902ರಲ್ಲಿ ಅಧಿಕಾರ ವಹಿಸಿಕೊಂಡುದು - ಎಲ್ಲವೂ ಜನನ ದಿನಾಂಕದ ಲೆಕ್ಕದ ಮೇಲೆಯೇ. ದಿನಾಂಕದಲ್ಲಿ ಒಂದು ವರ್ಷದ ಸಂಶಯ ಬಂದರೂ ಒಂದು ವರ್ಷದ ರಾಜ್ಯಾಧಿಕಾರ ಅತ್ತಲಿತ್ತ ಆಗುವ ಕಾಲ ಅದು. ಪ್ರಜಾಪ್ರಭುತ್ವದಲ್ಲಿಯೂ ಈ ತಂಟೆ ತಪ್ಪಿಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರು ಹುಟ್ಟಿದ್ದು 1950ರಲ್ಲೋ 1951ರಲ್ಲೋ ಎಂಬ ವಿವಾದವು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೊನೆಗೆ ಅವರೇ ಅರ್ಜಿಯನ್ನು ಹಿಂದೆಗೆದುಕೊಂಡರು.

ವಯಸ್ಸನ್ನು ಮುಚ್ಚಿಡುವುದರಿಂದ ನಿಜವಾಗಿ ಕೆಡುಕಾದುದು ಅರಮನೆಗಳಲ್ಲಿ ಅಲ್ಲ, ಮದುವೆಯ ಚಪ್ಪರಗಳಲ್ಲಿ. 1894ರಲ್ಲಿ ಮೈಸೂರು ಸರಕಾರವು ಒಂದು ಕಾಯಿದೆ ಮಾಡಿತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ಅದು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯ ಕೈಹಿಡಿಯುವುದನ್ನೂ ಅಪರಾಧವೆಂದಿತು. ಎಂಟು ವರ್ಷ ಎಂಬ ಮಿತಿಯನ್ನು ಓದಿ ಇಂದಿನ ಓದುಗರು ಬೆಚ್ಚಿಬೀಳಬಹುದು. ಅಂದು ಅಷ್ಟಕ್ಕೇ ದೊಡ್ಡ ಕೋಲಾಹಲವೆದ್ದಿತ್ತು. ಆ ಕಾಯಿದೆಯ ಬಳಿಕ ನಲವತ್ತೊಂಬತ್ತರಲ್ಲಿಯೇ ವರ್ಷಗಟ್ಟಲೆ ನಿಂತುಹೋದ ವರಮಹಾಶಯರು ಎಷ್ಟು ಮಂದಿಯೋ, ಲೆಕ್ಕವಿಟ್ಟವರಿಲ್ಲ. ಜನನದ ದಾಖಲೆಯೇ ಅಪರೂಪವಾಗಿದ್ದ ಕಾಲದಲ್ಲಿ ವಯಸ್ಸೆಂದರೆ ಹಿರಿಯರು ಆಡಿದ ಮಾತು. ಬಂಗಾಳದ ಫೂಲ್ಮಣಿ ಎಂಬ ಎಳೆಯ ಹುಡುಗಿ ಸತ್ತ ಪ್ರಕರಣವು ದೇಶವನ್ನೆಲ್ಲ ಕಲಕಿದ ಮೇಲೆ, 1891ರಲ್ಲಿ ಬ್ರಿಟಿಷ್ ಇಂಡಿಯಾದ ಸರಕಾರವು ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತು. 1929ರ ಶಾರದಾ ಕಾಯಿದೆಯು ಮದುವೆಯ ವಯಸ್ಸನ್ನು ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರ ತಿದ್ದುಪಡಿಯಿಂದ ಅದು 18 ಮತ್ತು 21 ಆಯಿತು. ಮಿತಿ ಏರಿದಂತೆಲ್ಲ ಸುಳ್ಳು ಹೇಳುವವರ ದಿಕ್ಕು ಬದಲಾಯಿತು: ಮೊದಲು ವರನ ವಯಸ್ಸು ಇಳಿಯುತ್ತಿತ್ತು, ಆಮೇಲೆ ವಧುವಿನ ವಯಸ್ಸು ಏರತೊಡಗಿತು.

ಯಾದಗಿರಿಯ ಸೀಮೆಯಲ್ಲಿ ಇದು ಹಳೆಯ ಕತೆಯಲ್ಲ. ಬಾಲ್ಯವಿವಾಹವು ಈ ಭಾಗದಲ್ಲಿ ಇನ್ನೂ ನಿಂತಿಲ್ಲ. ತಡೆಯಲು ಹೋದ ಅಧಿಕಾರಿಗೆ ಚಪ್ಪರದ ಕೆಳಗೆ ಮೊದಲು ಸಿಕ್ಕುವ ಉತ್ತರ, “ಹುಡುಗಿಗಿ ಹದಿನೆಂಟು ತುಂಬ್ಯಾವ್ರೀ” ಎಂಬುದೇ. ಆಗ ಮಾತನ್ನು ನಂಬದೆ ಶಾಲೆಯ ದಾಖಲೆಯನ್ನು ತರಿಸಬೇಕಾಗುತ್ತದೆ. 2015ರ ಬಾಲನ್ಯಾಯ ಕಾಯಿದೆಯೂ ವಯಸ್ಸನ್ನು ನಿರ್ಧರಿಸುವಾಗ ಶಾಲೆಯ ಇಲ್ಲವೆ ಮೆಟ್ರಿಕ್ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೊದಲ ಸ್ಥಾನ, ಪಂಚಾಯತಿ ಅಥವಾ ನಗರಸಭೆಯ ಜನನಪತ್ರಕ್ಕೆ ಎರಡನೆಯ ಸ್ಥಾನ ಕೊಟ್ಟಿದೆ. ಎರಡೂ ಇಲ್ಲದಿದ್ದರೆ ವೈದ್ಯರು ಎಲುಬಿನ ಬೆಳವಣಿಗೆಯನ್ನು ನೋಡಿ ಹೇಳಬೇಕು. ಎಲುಬಾದರೂ ಒಂದೆರಡು ವರ್ಷ ಹೆಚ್ಚುಕಡಿಮೆ ಹೇಳುತ್ತದೆಯೇ ಹೊರತು ತಾರೀಖನ್ನು ಹೇಳುವುದಿಲ್ಲ. ಹದಿನಾರರ ಹುಡುಗಿಯೊಬ್ಬಳು ತಾನಾಗಿ ಬಾಯಿಬಿಟ್ಟು, “ನನಗ ಇನ್ನೂ ಹದಿನಾರು” ಎಂದರೆ, ಆಕೆಯನ್ನು ಉಳಿಸುವುದು ಆ ಒಂದು ಮಾತೇ. ವಯಸ್ಸನ್ನು ಹೇಳಬಾರದೆಂಬ ಸುಭಾಷಿತವನ್ನು ಆಕೆಗೆ ಕಲಿಸಿದವರು ಯಾರ ಹಿತಕ್ಕಾಗಿ ಕಲಿಸಿದರೆಂಬುದನ್ನು ಯೋಚಿಸಬೇಕು.

ಶಾಲೆಯ ದಾಖಲೆಯ ಮಾತು ಬಂದುದರಿಂದ ಅದರ ಹುಟ್ಟನ್ನೂ ಸ್ವಲ್ಪ ನೋಡೋಣ. ಕನ್ನಡ ನಾಡಿನಲ್ಲಿ ಒಂದು ತಲೆಮಾರಿನ ಅಸಂಖ್ಯಾತ ಜನರು ಹುಟ್ಟಿದ್ದು ಜೂನ್ 1ರಂದು! ಗ್ರಹಗತಿಯ ವಿಶೇಷವೇನೂ ಅಲ್ಲ. ಅದು ಹೆಡ್‌ಮಾಸ್ತರರ ಕೃಪೆ. ಜೂನಿನಲ್ಲಿ ಶಾಲೆ ತೆರೆಯುತ್ತದೆ. ತಂದೆ ಮಗನನ್ನು ಎಳೆದುಕೊಂಡು ಬಂದು ನಿಲ್ಲಿಸುತ್ತಾನೆ. “ಯಾವಾಗ ಹುಟ್ಟಿದ್ದು?” ಎಂದರೆ, “ಸೀಗಿ ಹುಣ್ಣಿವಿ ಮುಂದ” ಎಂಬ ಉತ್ತರ, ಯಾವ ವರ್ಷದ ಸೀಗಿ ಹುಣ್ಣಿಮೆಯೆಂಬುದು ಶಿವನಿಗೇ ಗೊತ್ತು. ಮಾಸ್ತರರು ಹುಡುಗನಿಗೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುವರು. ಬೆರಳು ಕಿವಿಗೆ ತಾಗಿತೋ, ಶಾಲೆಗೆ ಯೋಗ್ಯನಾದನು. ಹಾಜರಿ ಪುಸ್ತಕದಲ್ಲಿ ಆ ದಿನಕ್ಕೆ ಸರಿಯಾಗಿ ವರ್ಷ ತುಂಬುವಂತೆ ಜೂನ್ 1 ಎಂದು ಬೀಳುವುದು. ಕಿವಿ ಮುಟ್ಟಿದ ಆ ಬೆರಳೇ ಮುಂದೆ ಆ ಮನುಷ್ಯನ ನೌಕರಿ, ಮದುವೆ, ನಿವೃತ್ತಿಗಳನ್ನೆಲ್ಲ ಬರೆಯಿತು. ತಿಂಗಳ ಮೊದಲ ದಿನ ಹುಟ್ಟಿದ ಸರಕಾರಿ ನೌಕರನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಆದ್ದರಿಂದ ಮೇ 31ರ ಸಂಜೆ ಕಚೇರಿ ಕಚೇರಿಗಳಲ್ಲಿ ಹೂಮಾಲೆ, ಶಾಲು, ಭಾಷಣ. ತಾಯಿ ಹೇಳುವ ತಾರೀಖು ಬೇರೆಯೆಂದು ಆಮೇಲೆ ಅರ್ಜಿ ಹಾಕಿದವರು ಕಡಮೆಯಿಲ್ಲ. ಸೇವೆಯ ಕೊನೆಯಲ್ಲಿ ಏಕಾಏಕಿ ಕಿರಿಯರಾಗುವ ಈ ಚಪಲವನ್ನು ಕಟ್ಟಿಹಾಕಲು ಕರ್ನಾಟಕವು 1974ರಲ್ಲಿ ನೌಕರರ ವಯೋನಿರ್ಣಯಕ್ಕೆಂದೇ ಒಂದು ಕಾಯಿದೆ ಮಾಡಬೇಕಾಯಿತು.

ವನದುರ್ಗದಂಥ ಊರಿನ ಮುದುಕರಿಗೆ ಈ ಜೂನ್ 1ರ ಭಾಗ್ಯವೂ ಇಲ್ಲ. ಅನೇಕರು ಶಾಲೆಯ ಕಟ್ಟೆಯನ್ನೇ ಹತ್ತಿದವರಲ್ಲ. ಹಾಗೆಂದು ಅವರಿಗೆ ವಯಸ್ಸು ಗೊತ್ತಿಲ್ಲವೆನ್ನುವುದು ತಪ್ಪು. ಅವರ ಲೆಕ್ಕದ ಪುಸ್ತಕವೇ ಬೇರೆ. “ರಜಾಕಾರರ ಗದ್ಲದಾಗ ನಾ ತೊಟ್ಟಲದಾಗಿದ್ದೆ ಯಪ್ಪಾ” ಎಂದು ಮುದುಕಿ ಹೇಳಿದರೆ, ನಿಜಾಮನ ರಾಜ್ಯವು ಭಾರತದಲ್ಲಿ ಸೇರಿದ 1948ನ್ನು ಹಿಡಿದು ಯಾವ ಗುಮಾಸ್ತನಾದರೂ ಕೂಡಿ ಕಳೆಯಬಹುದು. 1972ರ ಬರದಲ್ಲಿ ಕಲ್ಲು ಹೊಡೆಯುವ ಕೆಲಸಕ್ಕೆ ಹೋಗುವಷ್ಟು ದೊಡ್ಡವನಾಗಿದ್ದೆ ಎನ್ನುವವನ ಮಾತು ಹಾಜರಿ ಪುಸ್ತಕಕ್ಕಿಂತ ನಂಬಲರ್ಹ. ಹಿಂದಿನವರು ಸಂವತ್ಸರದ ಹೆಸರನ್ನು ಹೇಳುತ್ತಿದ್ದರು. ಅರುವತ್ತು ಹೆಸರುಗಳ ಚಕ್ರ ಒಮ್ಮೆ ತಿರುಗಿ ತನ್ನ ಸಂವತ್ಸರವನ್ನೇ ಮತ್ತೆ ಕಂಡವನಿಗೆ ಷಷ್ಟ್ಯಬ್ದಿ ಶಾಂತಿ. ಜನಗಣತಿಯ ಅಂಕಿಗಳನ್ನು ಪರಿಶೀಲಿಸಿದ ತಜ್ಞರು, ನಮ್ಮ ಜನರ ವಯಸ್ಸುಗಳು ಸೊನ್ನೆಯಲ್ಲಿ ಇಲ್ಲವೆ ಐದರಲ್ಲಿ ಕೊನೆಗೊಳ್ಳುವ ಅಂಕಿಗಳ ಸುತ್ತ ಗುಂಪು ಕಟ್ಟುವುದನ್ನು ಬಹುಕಾಲದಿಂದ ಗುರುತಿಸಿದ್ದಾರೆ. ನಲವತ್ತು, ನಲವತ್ತೈದು, ಐವತ್ತು - ನಡುವಿನ ವರ್ಷಗಳಲ್ಲಿ ಯಾರೂ ಬದುಕಿದಂತೆಯೇ ಇಲ್ಲ! ಅದರಲ್ಲಿ ಮೋಸವಿಲ್ಲ, ಎಣಿಸುವ ಅಗತ್ಯ ಬೀಳದವರ ಅಂದಾಜು ಅದು. ಅಂದಾಜನ್ನೂ ಸುಳ್ಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೇಟೆಯವರ ಅವಿವೇಕ.

(ಟೇಲರನಿಗೂ ಈ ಲೆಕ್ಕದ ಹುಚ್ಚು ಬೇರೊಂದು ರೀತಿಯಲ್ಲಿ ಹಿಡಿದಿತ್ತು. ಸುರಪುರ ಸೀಮೆಯಲ್ಲಿ ಹರಡಿರುವ ಪ್ರಾಗೈತಿಹಾಸಿಕ ಕಲ್ಗೋರಿಗಳನ್ನು ಅಗೆಸಿ ನೋಡಿ ಅವುಗಳ ಕಾಲವನ್ನು ತರ್ಕಿಸಿದ ಮೊದಲಿಗರಲ್ಲಿ ಅವನೂ ಒಬ್ಬನು. ಶಹಾಪುರದ ಬಳಿಯ ವಿಭೂತಿಹಳ್ಳಿಯ ಸಾಲುಗಲ್ಲುಗಳು ಇಂದಿಗೂ ನಿಂತಿವೆ. ಅವು ತಮ್ಮ ವಯಸ್ಸಿನ ವಿಷಯದಲ್ಲಿ ಸುಭಾಷಿತವನ್ನು ಚಾಚೂ ತಪ್ಪದೆ ಪಾಲಿಸುತ್ತವೆ.)

ವಯಸ್ಸನ್ನು ಹೇಳದಿರುವುದರಲ್ಲಿ ಒಂದು ಗುಣವೂ ಉಂಟು. ಅದನ್ನು ಮರೆಯುವುದು ನ್ಯಾಯವಲ್ಲ. ವಾದಕ್ಕೆ ಕುಳಿತಾಗ ಹಿರಿಯನ ಮಾತಿಗೆ ನರೆಗೂದಲೇ ಅರ್ಧ ಪ್ರಮಾಣವಾಗಿಬಿಡುತ್ತದೆ. ಕಿರಿಯನು ಬಾಯಿ ತೆರೆಯುವ ಮೊದಲೇ ಸೋತಿರುತ್ತಾನೆ. ಮುಖ ಕಾಣದ ಬರೆಹದಲ್ಲಿ, ಅದರಲ್ಲಿಯೂ ಕಾವ್ಯನಾಮದ ಮರೆಯಲ್ಲಿ, ಇಪ್ಪತ್ತರ ತರುಣನು ಅರುವತ್ತರ ಪಂಡಿತನ ಮಾತನ್ನು ಧೈರ್ಯವಾಗಿ ಒರೆಗೆ ಹಚ್ಚಬಲ್ಲನು. ಪಂಡಿತನೂ ಎದುರಾಳಿಯ ಮೀಸೆಯನ್ನು ನೋಡದೆ ಮಾತನ್ನು ಮಾತ್ರ ನೋಡಬೇಕಾಗುತ್ತದೆ. ಕಲ್ಯಾಣದ ಶರಣರು ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾದ ಚನ್ನಬಸವಣ್ಣನನ್ನು ಅವಿರಳಜ್ಞಾನಿಯೆಂದು ಮನ್ನಿಸಿ, ಅಲ್ಲಮನ ಬಳಿಕ ಶೂನ್ಯಸಿಂಹಾಸನಕ್ಕೆ ಅರ್ಹನೆಂದು ಒಪ್ಪಿದರೆಂಬುದು ಪರಂಪರೆಯ ಮಾತು. ಅವನ ವಯಸ್ಸು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಒಪ್ಪಿದರು. ಎಲ್ಲ ಸಭೆಗಳೂ ಅನುಭವಮಂಟಪವಾಗಿದ್ದರೆ ಯಾರೂ ವಯಸ್ಸನ್ನು ಮುಚ್ಚಿಡಬೇಕಾಗಿರಲಿಲ್ಲ.

ಆದರೆ ಇದೇ ಮರೆಯಲ್ಲಿ ನಲವತ್ತರವನು ಹದಿನೆಂಟರವನೆಂದು ಹೇಳಿಕೊಂಡು ಎಳೆಯರ ಗೆಳೆತನಕ್ಕೆ ಕೈಚಾಚಬಹುದು. ಮಕ್ಕಳಿಗೆ, ಕಾಣದವರು ಕೇಳಿದರೆ ವಯಸ್ಸು ಹೇಳಬೇಡಿರೆಂದು ಹೇಳಿಕೊಡುವ ತಂದೆತಾಯಿಗಳು ಹಳೆಯ ಸುಭಾಷಿತವನ್ನು ಸರಿಯಾದ ಜಾಗದಲ್ಲಿಯೇ ಬಳಸುತ್ತಿದ್ದಾರೆನ್ನಬೇಕು. ದೂರವಾಣಿಯಲ್ಲಿ ಬ್ಯಾಂಕಿನ ಹೆಸರು ಹೇಳಿ ಹುಟ್ಟಿದ ತಾರೀಖು ಕೇಳುವ ಇಂಪಾದ ಧ್ವನಿಗೆ ಉತ್ತರ ಕೊಟ್ಟು ಇಡುಗಂಟು ಕಳೆದುಕೊಂಡ ಹಿರಿಯರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಹೇಳಬೇಕೋ ಬೇಡವೋ ಎಂಬುದಕ್ಕಿಂತ ಕೇಳುತ್ತಿರುವವರು ಯಾರು, ತಿಳಿದುಕೊಂಡು ಏನು ಮಾಡುವರು ಎಂಬುದೇ ಮುಖ್ಯವಾಗುತ್ತದೆ. ಬಸ್ಸಿನ ಮುದುಕನು ಕೇಳಿದರೆ ಹೇಳಿಬಿಡಬಹುದು. ಅವನಿಗೆ ಬೇಕಾದುದು ಒಂದು ಸಂಬಂಧವಾಚಕ ಶಬ್ದ ಮಾತ್ರ.

ಇನ್ನು ಹೊಸ ತಲೆಮಾರಿಗೆ ಗುಟ್ಟೆಂಬುದೇ ಉಳಿಯಲಾರದು. ಜನನ ಮರಣ ನೋಂದಣಿಯ 1969ರ ಕಾಯಿದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯಿಂದ ಮತದಾನದವರೆಗೆ ಜನನಪತ್ರವೊಂದೇ ಆಧಾರ. ತೊಡಕಿರುವುದು ಅವರ ಅಜ್ಜಿಯರದು. ಆಧಾರ್ ಚೀಟಿಯು ವಯಸ್ಸಿಗೆ ಪ್ರಮಾಣವಲ್ಲವೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅಜ್ಜಿಯ ಬಳಿ ಇರುವುದು ಮಾತ್ರ ಅದೊಂದೇ. ಅದನ್ನು ಮಾಡಿಸಿದ ದಿನ ಯಂತ್ರದ ಮುಂದೆ ಕುಳಿತ ಹುಡುಗನು ವಯಸ್ಸು ಕೇಳಿದಾಗ, ಆಕೆ ಎಲ್ಲರೆದುರಿಗೆ ಸಂಕೋಚಪಟ್ಟು ನಾಲ್ಕು ವರ್ಷ ಕಡಮೆ ಹೇಳಿದ್ದಳೆನ್ನಿ; ಬೆನ್ನ ಹಿಂದೆ ನಿಂತಿದ್ದ ತಂಗಿ ಯಾವ ಸಂಕೋಚವೂ ಇಲ್ಲದೆ ಬಾಯಿಗೆ ಬಂದ ಅಂಕಿಯನ್ನು ಹೇಳಿದ್ದಳು. ರಾಜ್ಯ ಸರಕಾರದ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರುವತ್ತೈದು ತುಂಬಿರಬೇಕು. ತಂಗಿಗೆ ತಿಂಗಳು ತಿಂಗಳೂ ಹಣ ಬರುತ್ತಿದೆ. ಅಕ್ಕನು ಶಹಾಪುರದ ತಹಸೀಲಿಗೆ ಹೋಗಿಬರುತ್ತಿದ್ದಾಳೆ. ಚೀಟಿಯಲ್ಲಿ ಆಕೆಗೆ ಇನ್ನೂ ಅರುವತ್ತಮೂರು.